ಜ್ವರ ಬಂದು ಹೋದವರು

ಶ್ರೀರಂಗಪಟ್ಟಣಕ್ಕೆ ಎಷ್ಟು ಸಲ ಹೋಗಿದ್ದೀನೋ ಲೆಕ್ಕ ಇಟ್ಟಿಲ್ಲ. ಊರಿಂದ ನೆಂಟರು ಬಂದರೆ ಅದೇ ರೌಂಡ್: ದೇವಸ್ಥಾನ, ದರಿಯಾ ದೌಲತ್, ಗುಂಬಜ್, ಸಂಗಮ, ಊಟ, ವಾಪಸ್. ಮೈಸೂರು ರಸ್ತೆಯಿಂದ ಕೂಗಳತೆಯಲ್ಲಿ, ಕಾವೇರಿ ದಡದಲ್ಲಿ, ಒಂದು ಮಿಲಿಟರಿ ಸ್ಮಶಾನ ಇದೆ ಅಂತ ಗೊತ್ತಾಗಿದ್ದು ಐದನೇ ಸೆಮ್ ಇಂಟರ್ನಲ್ಸ್ ಮುಗಿದ ಭಾನುವಾರ, ರೂಮ್‌ಮೇಟ್ ಬೈಕ್ ಪಂಕ್ಚರ್ ಆದಾಗ. ಅವನು ಪಂಕ್ಚರ್ ಅಂಗಡಿಯಲ್ಲಿ ಕೂತ, ನಾನು ಸುಮ್ಮನೆ ಒಳಗೆ ಹೋದೆ.

ಗ್ಯಾರಿಸನ್ ಸೆಮೆಟ್ರಿ ಅಂತಾರೆ. ಸುಮಾರು 300 ಗೋರಿಗಳು. ಕೆಲವು ಆಳೆತ್ತರದ ಕಂಬಗಳು, ಕೆಲವು ನೆಲಕ್ಕೆ ಅಂಟಿದ ಚಪ್ಪಡಿಗಳು. ಬ್ರಿಟಿಷರದೇ ಇರಬೇಕು ಅಂದ್ಕೊಂಡಿದ್ದೆ. ನೋಡಿದರೆ ಸ್ವಿಟ್ಜರ್ಲೆಂಡಿನವರೂ ಇದ್ದಾರೆ! ದ ಮ್ಯೂರಾನ್ ರೆಜಿಮೆಂಟ್ ಅಂತ, ಕೂಲಿ ಸೈನ್ಯ. 1781ರಲ್ಲಿ ಡಚ್ ಕಂಪನಿಗಾಗಿ ಕಟ್ಟಿದ್ದು. 1795ರಲ್ಲಿ ಸಿಲೋನ್‌ನಲ್ಲಿದ್ದಾಗ ಇಂಗ್ಲಿಷರ ಕಡೆ ಬಂತು, 1799ರಲ್ಲಿ ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂತು. ಕಂಪನಿ ಬದಲಾಯಿಸೋದು ನಮ್ಮ ಸೀನಿಯರ್ಸ್ ಕಂಡುಹಿಡಿದಿದ್ದಲ್ಲ ಅಂತಾಯ್ತು.

ಆದರೆ ಇಲ್ಲಿರೋರೆಲ್ಲ ಮೇ 4ರಂದು ಕೋಟೆ ಒಡೆದಾಗ ಸತ್ತವರಲ್ಲ. ಆ ಮುತ್ತಿಗೆಯಲ್ಲಿ ಸತ್ತವರಿಗೆ ಅಂತಲೇ ಕೋಟೆ ಬಿರುಕು ಬಿಟ್ಟ ಜಾಗದ ಹತ್ತಿರ ಬೇರೆ ಕಂಬ ಇದೆ, 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ್ದು. ಸ್ಮಶಾನದ ಕಲ್ಲುಗಳಲ್ಲಿ 1800 ದಾಟಿದ ಇಸವಿಗಳೇ ಕಾಣುತ್ತವೆ. ಯುದ್ಧ ಗೆದ್ದ ಮೇಲೆ ಕಾವಲಿಗೆ ಉಳಿದವರು, ಅವರ ಹೆಂಡತಿಯರು, ಮಕ್ಕಳು. ಆಗ ಈ ದ್ವೀಪ ಜ್ವರದ ಗೂಡು. ಆ ಕಾಟ ತಡೆಯಲಾರದೆ 1809ರಲ್ಲಿ ಸೈನ್ಯವನ್ನ ಬೆಂಗಳೂರಿಗೆ ಸಾಗಿಸಿದರು, ಕಂಟೋನ್ಮೆಂಟ್ ಹುಟ್ಟಿದ್ದು ಹಾಗೆ. (ಒಂದು ಲೆಕ್ಕದಲ್ಲಿ ನಮ್ಮ ಪ್ಲೇಸ್‌ಮೆಂಟಿಗೆ ಸೊಳ್ಳೆಗೂ ಥ್ಯಾಂಕ್ಸ್ ಹೇಳಬೇಕು.)

ನಾನು ಅಲ್ಲಿ ಅಷ್ಟು ಹೊತ್ತು ನಿಂತಿದ್ದಕ್ಕೆ ಕಾರಣ ಬೇರೆ.

ನಮ್ಮ ದೊಡ್ಡಪ್ಪ ಮಿಲಿಟರಿಯಲ್ಲಿದ್ದರು. ನಾನು ಹುಟ್ಟೋಕೆ ಮುಂಚೆ, ಗಡಿಯ ಪೋಸ್ಟಿಂಗಿನಲ್ಲಿ ತೀರಿಕೊಂಡರು. ಗುಂಡು ತಗುಲಿ ಅಲ್ಲ, ಜ್ವರ ಬಂದು. ಊರಿನ ಬಸ್ ಸ್ಟ್ಯಾಂಡಿಗೆ ಅವರ ಹೆಸರಿಟ್ಟಿದ್ದಾರೆ. ಹೋದ ವರ್ಷ ಅದನ್ನ ಕೆಡವಿ ಹೊಸದು ಕಟ್ಟುವ ಮಾತು ಬಂದಾಗ ಅಪ್ಪ ಹೆಸರು ಉಳಿಸಿ ಅಂತ ಕೇಳಿದರು. ಸಭೆಯಲ್ಲಿ ಒಬ್ಬರು ಅಂದರಂತೆ, "ಅವನೇನು ಯುದ್ಧದಲ್ಲಿ ಸತ್ತನಾ? ಜ್ವರ ಬಂದು ಹೋದೋನು ತಾನೇ." ಅಪ್ಪ ವಾಪಸ್ ಬಂದು ಊಟ ಮಾಡದೆ ಮಲಗಿದರು. ನಿಜ ಹೇಳ್ತೀನಿ, ಆವತ್ತು ನನಗೂ ಅನ್ನಿಸಿತ್ತು, ಆ ಮನುಷ್ಯ ಹೇಳಿದ್ದರಲ್ಲಿ ತಪ್ಪೇನಿದೆ ಅಂತ.

ಇಲ್ಲಿ ಯಾರೂ ಹಾಗೆ ಸಾಲು ಬೇರೆ ಮಾಡಿಲ್ಲ. ಕತ್ತಿ ಹಿಡಿದವನೂ ಕಾಯಿಲೆ ಬಿದ್ದವನೂ ಪಕ್ಕಪಕ್ಕ ಮಲಗಿದ್ದಾರೆ. ಆ ರೆಜಿಮೆಂಟ್ ಇಲ್ಲಿಂದ ಹೋಗಿ, ಕೆನಡಾದವರೆಗೂ ಅಲೆದು, 1816ರಲ್ಲಿ ಬರಖಾಸ್ತಾಯಿತು. ಕಲ್ಲುಗಳು ಇಲ್ಲೇ ಉಳಿದವು. ಟಿಪ್ಪುವಿನ ಕಡೆ ಸತ್ತ ಸಾವಿರಾರು ಸಿಪಾಯಿಗಳಿಗೆ ಇಷ್ಟೂ ಇಲ್ಲ. ಟಿಪ್ಪುಗೆ ಗುಂಬಜ್ ಇದೆ, ಅವರ ಹೆಸರುಗಳು ಎಲ್ಲೂ ಸಿಗಲ್ಲ. ವೀರಗಲ್ಲು ನಿಲ್ಲಿಸಿದ ನಾಡು ನಮ್ಮದು. 'ಬೆಂಗಳೂರು' ಅನ್ನೋ ಹೆಸರು ಸಿಕ್ಕಿದ್ದೇ ಬೇಗೂರಿನಲ್ಲಿ, ಕಾಳಗದಲ್ಲಿ ಸತ್ತ ಒಬ್ಬನನ್ನ ನೆನೆಯುವ 9ನೇ ಶತಮಾನದ ಶಾಸನದಲ್ಲಿ.

ಪಂಕ್ಚರ್ ಆಯ್ತು ಬಾ ಅಂತ ಫೋನ್ ಬಂತು. ಗೇಟ್ ದಾಟುವಾಗ ಅಪ್ಪಂಗೆ ಫೋನ್ ಮಾಡಿ ದೊಡ್ಡಪ್ಪನ ಸರ್ವಿಸ್ ನಂಬರ್ ಕೇಳಿದೆ. ಎಂಜಿನಿಯರಿಂಗ್ ಓದೋನಿಗೆ ಅದ್ಯಾಕೋ ಅಂದರು. ಹೊಸ ಬಸ್ ಸ್ಟ್ಯಾಂಡಿಗೆ ಬೋರ್ಡ್ ಬರೆಸೋಣ, ಡಿಸೈನ್ ನಾನೇ ಮಾಡ್ತೀನಿ ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಒಂದೊಂದೇ ಅಂಕಿ ಹೇಳಿದರು, ಪುಸ್ತಕ ನೋಡದೆ.