ಚಿಟ್ಟೆಯನ್ನರಸಿ ಸುರಿನಾಮಿಗೆ

ದಕ್ಷಿಣ ಅಮೆರಿಕದ ಈಶಾನ್ಯ ಕರಾವಳಿಯ ಪುಟ್ಟ ದೇಶ ಸುರಿನಾಮ್. 1699ರಲ್ಲಿ ಅದು ಡಚ್ಚರ ವಸಾಹತು, ಕಬ್ಬಿನ ತೋಟಗಳ ನಾಡು. ಆ ವರ್ಷ ಆಮ್‌ಸ್ಟರ್‌ಡ್ಯಾಮಿನಿಂದ ಕಿರಿಯ ಮಗಳೊಡನೆ ಹಡಗಿನಲ್ಲಿ ಬಂದಿಳಿದ ಚಿತ್ರಕಲಾವಿದೆ ಮರಿಯಾ ಸಿಬಿಲ್ಲಾ ಮೆರಿಯನ್ ಅವರಿಗೆ 52 ವರ್ಷ. ಸಕ್ಕರೆ ಬಿಟ್ಟು ಕಂಬಳಿಹುಳು ಹುಡುಕುವ ಈ ಹೆಂಗಸನ್ನು ಕಂಡು ತೋಟದ ಒಡೆಯರು ನಕ್ಕರು. ಕೊಡಲಿ ಹಿಡಿದು ಕಾಡಿನಲ್ಲಿ ಆಕೆಗೆ ದಾರಿ ಮಾಡಿಕೊಟ್ಟವರು ಗುಲಾಮರು.

ಪ್ರಾಚೀನ ಗ್ರೀಕರಲ್ಲಿ ಆತ್ಮಕ್ಕೂ ಚಿಟ್ಟೆಗೂ ಒಂದೇ ಪದವಿತ್ತು. ಯುರೋಪಿನ ಎಷ್ಟೋ ಚಿತ್ರಗಳಲ್ಲಿ ಚಿಟ್ಟೆಯೆಂದರೆ ಆತ್ಮದ ಸಂಕೇತ. ಕಾಯಿಲೆ ಬಿದ್ದು 1701ರಲ್ಲಿ ಮರಳಿದ ಮೆರಿಯನ್, 1705ರಲ್ಲಿ 60 ತಾಮ್ರಫಲಕ ಚಿತ್ರಗಳ ಗ್ರಂಥ ಅಚ್ಚು ಹಾಕಿಸಿದರು. ಅದರಲ್ಲಿ ಗಿಡ, ಎಲೆ ಮೇಯುವ ಹುಳು, ಕೋಶ, ಚಿಟ್ಟೆ ಒಂದೇ ಪುಟದಲ್ಲಿ ಕೂಡಿದವು. ಸಂಕೇತವಾಗಿದ್ದ ಚಿಟ್ಟೆ ಹಸಿವುಳ್ಳ ಜೀವಿಯಾಯಿತು. ಶಾಲೆಯ ಗೋಡೆಯ ಮೇಲೆ ಮಕ್ಕಳು ನೋಡುವ ಜೀವನಚಕ್ರದ ಚಿತ್ರಪಟದ ಹಿಂದೆ ಇಂಥ ಪಯಣಗಳೂ ಇವೆ.