ಫೋನತ್ತೆಯ ಊರಿಗೆ ಹೋಗಿಬಂದೆವು

ದುಬೈಗೆ ಹೋಗಿಬಂದವರು ಈಗ ಯಾವ ಊರಿನಲ್ಲಿಲ್ಲ ಹೇಳಿ? ನಮ್ಮ ಹುಣಸೂರು ಸೀಮೆಯಲ್ಲೂ ಬೇಕಾದಷ್ಟು ಜನ ಇದ್ದಾರೆ. ಅವರ ಬಾಯಲ್ಲಿ ಬರುವುದೆಲ್ಲ ಬುರ್ಜ್ ಖಲೀಫಾ, ಚಿನ್ನದ ಅಂಗಡಿ, ಮಾಲು. 72 ವರ್ಷದ ಅತ್ತೆಯನ್ನೂ 4 ವರ್ಷದ ಮಗನನ್ನೂ ಕಟ್ಟಿಕೊಂಡು ಹೊರಟರೆ ಏನು ಒಯ್ಯಬೇಕು, ಏನು ಬಿಡಬೇಕು ಎಂದರೆ ಒಬ್ಬರೂ ಸರಿಯಾಗಿ ಹೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕಟ್ಟೆಮಳಲವಾಡಿ. ಲಕ್ಷ್ಮಣತೀರ್ಥಕ್ಕೆ ಅಡ್ಡಲಾಗಿ ಕಟ್ಟೆ ಇರುವ ಊರು, ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯಿರುವ ಊರು. ನನ್ನ ನಾದಿನಿ ಮದುವೆಯಾಗಿ ದುಬೈ ಸೇರಿದವಳು. 2020ರ ಮೇ ತಿಂಗಳಲ್ಲಿ ನಮ್ಮ ಮಾವನವರು ತೀರಿಕೊಂಡಾಗ ಅವಳಿಗೆ ಬರಲಾಗಲಿಲ್ಲ. ಕೊರೋನಾದಿಂದಾಗಿ ಆ ವರ್ಷ ಮಾರ್ಚ್ 23ರಿಂದಲೇ ಹೊರದೇಶದ ವಿಮಾನಗಳು ನಿಂತಿದ್ದವು. ಅಪ್ಪನ ಮುಖವನ್ನು ಅವಳು ಫೋನಿನಲ್ಲೇ ನೋಡಿದಳು. 2022ರ ಮಾರ್ಚ್ ಕೊನೆಗೆ ವಿಮಾನಗಳೇನೋ ಮೊದಲಿನಂತೆ ಶುರುವಾದವು, ಆದರೆ ಒಮ್ಮೆ ಗಂಡನ ಕೆಲಸ ಬದಲಾಯಿತೆಂದೂ ಇನ್ನೊಮ್ಮೆ ಅವಳಿಗೇ ಬೆನ್ನಿನ ಆಪರೇಷನ್ ಆಯಿತೆಂದೂ ಟಿಕೆಟ್ಟು ರದ್ದಾಯಿತು. ಕೊನೆಗೆ ಅತ್ತೆಯೇ, "ಅವಳು ಬರಕ್ಕಾಗದಿದ್ರೆ ನಾನೇ ಹೋಗ್ತೀನಿ ಕಣವ್ವ, ಇನ್ನೆಷ್ಟು ದಿನ ಇರ್ತೀನಿ" ಅಂದುಬಿಟ್ಟರು. ಸೊಪ್ಪು ಹರಾಜಾಗಿ ಕೈಗೆ ದುಡ್ಡು ಬರುವ ಕಾಲ ನೋಡಿಕೊಂಡು, 2025ರ ಜನವರಿಯಲ್ಲಿ ಹೊರಟೆವು. ಅಲ್ಲಿಗೆ ಹೋಗಲು ಅದೇ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಮಕ್ಕಳು, ಮುದುಕರು ತಡೆಯುವ ಬಿಸಿಲಲ್ಲ ಅದು. ಜನವರಿಯ ರಾತ್ರಿಗೆ ಸ್ವೆಟರ್ ಬೇಕು.

2017ರಲ್ಲಿ ಮೈಸೂರಿನ ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಶುರುವಾದ ಮೇಲೆ ನಮ್ಮ ಕಡೆಯವರಿಗೆ ಬೆಂಗಳೂರಿನ ಅಲೆದಾಟ ತಪ್ಪಿದೆ. ಚಿಕ್ಕ ಮಕ್ಕಳಿಗೆ ಕೊಡುವ ಪಾಸ್‌ಪೋರ್ಟಿನ ಅವಧಿ 5 ವರ್ಷ ಮಾತ್ರ, ಅದಕ್ಕೆ ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕು.

ಇನ್ನು ಗಂಟು ಕಟ್ಟುವ ವಿಚಾರ. ಇದನ್ನು ಸೋದರಿಯರು ಗಮನವಿಟ್ಟು ಓದಬೇಕು. ನಾದಿನಿಗೆ ಗಸಗಸೆ ಪಾಯಸವೆಂದರೆ ಪ್ರಾಣ. ಅತ್ತೆ ಅರ್ಧ ಕಿಲೋ ಗಸಗಸೆ ತರಿಸಿ, ಆರಿಸಿ ಇಟ್ಟಿದ್ದರು. ವಿಷಯ ತಿಳಿದ ನಾದಿನಿ ಫೋನಿನಲ್ಲೇ ಕಿರುಚಿಕೊಂಡಳು, "ಅವ್ವಾ, ಒಂದು ಕಾಳೂ ತರಬೇಡ!" ಅಫೀಮಿನ ಗಿಡದ ಬೀಜವಲ್ಲವೇ, ಆ ದೇಶದಲ್ಲಿ ಗಸಗಸೆಗೆ ಮಾದಕ ವಸ್ತುವಿನ ಕಾಯಿದೆ. ಗೊತ್ತಿಲ್ಲದೆ ಒಯ್ದವರೂ ಸಿಕ್ಕಿಬಿದ್ದು ಪೊಲೀಸು, ಕೋರ್ಟು ಅಂತ ಅನುಭವಿಸಿದ್ದಾರೆ. ಗಸಗಸೆ ಬೆರೆಸಿದ ಮಸಾಲೆ ಪುಡಿಯೂ ಬೇಡ. ಮನೆಯಲ್ಲಿ ಮಾಡಿದ ಸಾಗು ಪುಡಿಯಲ್ಲಿ ಒಂದು ಚಮಚ ಗಸಗಸೆ ಇತ್ತೆಂದು ಡಬ್ಬಿಯನ್ನೇ ಬಿಟ್ಟು ಹೋದೆ.

ಎಲೆಯಡಿಕೆಯದು ಇನ್ನೊಂದು ಕಥೆ. ದುಬೈಗೆ ವೀಳ್ಯದೆಲೆ, ಪಾನ್ ಒಯ್ಯುವಂತಿಲ್ಲ. ಮೂರು ಹೊತ್ತೂ ಎಲೆ ಹಾಕುವ ಅತ್ತೆಗೆ ಇದನ್ನು ಹೇಳಲು ನನಗೂ ನಮ್ಮವರಿಗೂ ನಾಲ್ಕು ದಿನ ಧೈರ್ಯ ಬರಲಿಲ್ಲ. ಕೇಳಿದ ಮೇಲೆ ಅವರು ಸುಮ್ಮನೆ ಎಲೆ ಚೀಲವನ್ನು ದೇವರ ಮನೆಯ ಮೊಳೆಗೆ ನೇತುಹಾಕಿ, "ಮಗಳಿಗಿಂತ ಎಲೆ ದೊಡ್ದಾ" ಅಂದರು. ಮೂರು ವಾರ ಲವಂಗ, ಸೋಂಪು ಅಗಿದುಕೊಂಡೇ ಕಳೆದರು. ಗಂಡಸರು ಬೀಡಿ ಬಿಡಲಿ ನೋಡೋಣ!

ಕೆಮ್ಮಿನ ಔಷಧಿಯೂ ಹಾಗೆಯೇ. ಕೊಡೀನ್ ಬೆರೆತದ್ದನ್ನು ಮುಂಚೆ ಅನುಮತಿಯಿಲ್ಲದೆ ಒಯ್ಯಬಾರದು. ಡಾಕ್ಟರಿಗೆ ಹೇಳಿ ಬೇರೆ ಬರೆಸಿಕೊಂಡು, ಆ ಚೀಟಿಯನ್ನೂ ಜೊತೆಗಿಟ್ಟುಕೊಂಡೆ. ಒಣಕೊಬ್ಬರಿ ಬೇಗ ಹೊತ್ತಿಕೊಳ್ಳುವ ಪದಾರ್ಥವೆಂದು ವಿಮಾನದವರು ತೆಗೆಸಿಬಿಡುತ್ತಾರೆ. ನಾನು ಒಯ್ದದ್ದು ರಾಗಿಹಿಟ್ಟು, ಹುರಿಹಿಟ್ಟು, ಹುರುಳಿಕಾಳು, ಹುಣಸೆಹಣ್ಣು. ಅಲ್ಲಿ ಕರಾಮಾ ಎಂಬ ಕಡೆ ನಮ್ಮವರ ಅಂಗಡಿಗಳಲ್ಲಿ ರಾಗಿಹಿಟ್ಟೂ ಸಿಗುತ್ತದೆ. ಆದರೂ ನಮ್ಮ ಹೊಲದ ರಾಗಿ ನಮ್ಮದೇ.

ವಿಮಾನದಲ್ಲಿ ನಾಲ್ಕು ಗಂಟೆ. ಇಳಿಯುವಾಗ ಮಕ್ಕಳಿಗೆ ಕಿವಿ ನೋಯುತ್ತದೆ. ಏನಾದರೂ ನುಂಗುತ್ತಿದ್ದರೆ ಕಿವಿ ಬಿಡುತ್ತದೆಂದು ಮಗನಿಗೆ ಗುಟುಕು ಗುಟುಕಾಗಿ ನೀರು ಕುಡಿಸಿದೆ. ಅತ್ತೆಯೂ "ನನಗೂ ಕೊಡವ್ವ" ಎಂದು ಕೈಚಾಚಿದರು.

ನಾದಿನಿ ನಮ್ಮ ಮಗನನ್ನು ಅಲ್ಲಿಯವರೆಗೆ ಕಣ್ಣಾರೆ ಕಂಡಿರಲಿಲ್ಲ. ಅವನು ಅವಳನ್ನು ಕರೆಯುವುದೇ "ಫೋನತ್ತೆ" ಎಂದು. ಹೊರಗೆ ನಿಂತಿದ್ದವಳನ್ನು ನೋಡಿ ಅವನು ಹತ್ತಿರ ಹೋಗಲಿಲ್ಲ. ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡು, ಕುತ್ತಿಗೆ ವಾಲಿಸಿ ನೋಡುತ್ತ ನಿಂತ. ನಮ್ಮ ಮಾವನವರು ಗದ್ದೆ ಬದುವಿನ ಮೇಲೆ ನಿಲ್ಲುತ್ತಿದ್ದುದು ಹೀಗೆಯೇ. ನಮಗೆ ದಿನಾ ಕಂಡು ರೂಢಿಯಾಗಿತ್ತು. ಅವಳು ಮಾತ್ರ ಅಲ್ಲೇ ಕುಸಿದು ಕೂತಳು. ಅಷ್ಟು ಜನರ ಮಧ್ಯೆ ತಾಯಿ ಮಗಳನ್ನು ಎಬ್ಬಿಸಿ ಕಾರು ಹತ್ತಿಸುವಷ್ಟರಲ್ಲಿ ನಮ್ಮವರಿಗೆ ಸಾಕುಸಾಕಾಯಿತು.

ಊರು ನೋಡಿದ್ದನ್ನು ಬಹಳ ಬೆಳೆಸುವುದಿಲ್ಲ. ಎತ್ತರದ ಕಟ್ಟಡಗಳು ಕುತ್ತಿಗೆ ನೋವಿಗೆ ಸೈ. 2009ರಲ್ಲಿ ಶುರುವಾದ ಮೆಟ್ರೋ ರೈಲಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ಬೇರೆ ಜಾಗವಿದೆ, 5 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ. ಆದರೆ ಒಳಗೆ ಬಿಸ್ಕತ್ತು ತಿಂದರೂ 100 ದಿರ್ಹಾಂ ದಂಡ, ಮಗುವಿನ ಹೊಟ್ಟೆಯನ್ನು ಮೊದಲೇ ತುಂಬಿಸಿಕೊಂಡು ಹತ್ತಿ. ನನಗೆ ಹಿಡಿಸಿದ್ದು ಅಬ್ರಾ ಎನ್ನುವ ಮರದ ದೋಣಿ. ಊರೊಳಗೆ ನುಗ್ಗಿರುವ ಸಮುದ್ರದ ಕಾಲುವೆಯನ್ನು ಅದರಲ್ಲಿ ಒಬ್ಬರಿಗೆ ಒಂದೇ ದಿರ್ಹಾಂ ಕೊಟ್ಟು ದಾಟಬಹುದು. ಅಷ್ಟು ನೀರು ನೋಡಿ ನಮ್ಮ ಮಗ, "ಇಲ್ಲಿ ಕಟ್ಟೆ ಎಲ್ಲಿದೆ?" ಅಂದ. ಅಲ್ಲಿ ಹೊಳೆಯೂ ಇಲ್ಲ, ಕಟ್ಟೆಯೂ ಇಲ್ಲ. ಸಮುದ್ರದ ನೀರಿನಿಂದಲೇ ಉಪ್ಪು ತೆಗೆದು ನಲ್ಲಿಗೆ ಬಿಡುತ್ತಾರೆ. ಇದನ್ನು ಕೇಳಿದ ಮೇಲೆ ಅತ್ತೆ ಆ ಮನೆಯಲ್ಲಿ ಪಾತ್ರೆ ತೊಳೆಯುವಾಗ ನಲ್ಲಿಯನ್ನು ಸಣ್ಣಗೆ ಬಿಡತೊಡಗಿದರು.

ಇಷ್ಟು ವರ್ಷ ಫೋನಿನಲ್ಲಿ ಮಾತಾಡಿದರೂ ಮಾವನವರ ಕೊನೆಯ ದಿನದ ವಿಷಯವನ್ನು ಇಬ್ಬರೂ ಎತ್ತಿರಲಿಲ್ಲ. ಕೇಳಿದರೆ ಅವ್ವ ಅಳುತ್ತಾಳೆಂದು ಇವಳು, ಹೇಳಿದರೆ ಮಗಳು ಅಳುತ್ತಾಳೆಂದು ಅವರು. ಒಂದು ರಾತ್ರಿ ಉಪ್ಪುಸಾರಿಗೆ ಸೊಪ್ಪು ಬಿಡಿಸುತ್ತ ಕೂತಾಗ ನಾದಿನಿ ಕೇಳಿಯೇಬಿಟ್ಟಳು. ಬೆಳಿಗ್ಗೆ ಏನು ತಿಂದಿದ್ದರು, ಯಾರ ಹೆಸರು ಹಿಡಿದರು, ಯಾರು ಹೆಗಲು ಕೊಟ್ಟರು, ಎಲ್ಲ. ಅತ್ತೆ ಒಂದೊಂದಾಗಿ ಹೇಳಿದರು. "ನಿನ್ನ ಫೋಟೋ ಕೇಳಿದ್ರು. ನಾನೇ ತಂದು ಕೈಗೆ ಕೊಟ್ಟೆ" ಅಂದರು. ಇದು ನನಗೂ ಗೊತ್ತಿರಲಿಲ್ಲ. ಸೊಪ್ಪು ಬಿಡಿಸಿ ಮುಗಿದರೂ ಇಬ್ಬರೂ ಏಳಲಿಲ್ಲ. ಅಡಿಗೆಯನ್ನು ನಾನೇ ಮಾಡಿದೆ.

ನಾದಿನಿಯ ಮಗಳಿಗೆ 9 ವರ್ಷ. ಸ್ಕೂಲಿನಲ್ಲೆಲ್ಲ ಇಂಗ್ಲಿಷು, ಅಜ್ಜಿಯ ಜೊತೆ ಏನು ಮಾತಾಡೀತೋ ಎಂದು ನನಗೆ ಯೋಚನೆಯಿತ್ತು. ಅಲ್ಲಿ ಕನ್ನಡ ಮಿತ್ರರು ಎನ್ನುವ ಬಳಗದವರು 2014ರಿಂದ ಕನ್ನಡ ಪಾಠಶಾಲೆ ನಡೆಸುತ್ತಿದ್ದಾರೆ, ಫೀಸು ಇಲ್ಲ. ಹುಡುಗಿ ಅಲ್ಲಿ ಕಲಿತವಳು. ಒತ್ತಕ್ಷರಕ್ಕೆ ತಡವರಿಸಿದರೂ ದಿನಾ ಸಂಜೆ ಅಜ್ಜಿಗೆ ಒಂದೊಂದು ಕಥೆ ಓದಿ ಹೇಳುತ್ತಿದ್ದಳು. ಅತ್ತೆಗೆ ಓದು ಬರುವುದಿಲ್ಲ. ನಾನು ಎಸ್ಸೆಸ್ಸೆಲ್ಸಿ ಓದಿದವಳು, ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದರೂ ಅವರಿಗೆ ಓದಿ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ ನೋಡಿ.

ಹೊರಡುವ ಹಿಂದಿನ ದಿನ ಗಸಗಸೆಯಿಲ್ಲದೆ ಹೆಸರುಬೇಳೆ ಪಾಯಸ ಮಾಡಿದೆವು. ಮಾವನವರ ಐದನೇ ವರ್ಷದ ಎಡೆಗೆ ಬರುತ್ತೇನೆಂದು ನಾದಿನಿ ಅಲ್ಲೇ ಟಿಕೆಟ್ಟು ಮಾಡಿಸಿದಳು, ಮಗಳಿಗೂ ಸೇರಿಸಿ. ಹುಣಸೂರು ದಾಟುವವರೆಗೂ ಅತ್ತೆ ಮಾತೇ ಆಡಲಿಲ್ಲ. ಮನೆಯ ಬೀಗ ತೆಗೆದೊಡನೆ ನೆಟ್ಟಗೆ ದೇವರ ಮನೆಗೆ ಹೋಗಿ, ಮೊಳೆಯ ಮೇಲಿದ್ದ ಚೀಲ ಇಳಿಸಿದರು. ಎಲೆಯೆಲ್ಲ ಒಣಗಿ ಪುಡಿಯಾಗಿತ್ತು. "ಹೋಗಿ ಒಂದು ಕಟ್ಟು ಎಲೆ ತಗೊಂಡು ಬಾ" ಎಂದು ಮಗನನ್ನು ಅಂಗಡಿಗೆ ಅಟ್ಟಿದರು.