ಪಯಸ್ವಿನಿಯ ಕೆಂಗೆರೆ ಮೀನು

‘ಪಯಸ್’ ಎಂಬ ಸಂಸ್ಕೃತ ಶಬ್ದಕ್ಕೆ ನೀರೆಂದೂ ಹಾಲೆಂದೂ ಎರಡರ್ಥಗಳುಂಟು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದ ಅಡಕೆತೋಟಗಳ ನಡುವೆ ಹರಿದು, ಕಾಸರಗೋಡಿನ ಬಳಿ ಚಂದ್ರಗಿರಿಯೆಂಬ ಹೆಸರಿನಿಂದ ಪಡುಗಡಲನ್ನು ಸೇರುವ ಪಯಸ್ವಿನೀ ನದಿಗೆ ಈ ಎರಡರ್ಥಗಳೂ ಸಲ್ಲುತ್ತವೆ. ಮಳೆಗಾಲ ಕಳೆದ ಮೇಲೆ ಹೊಳೆಯಂಚಿನಲ್ಲಿ ಮಲೆಯ ಕಡೆಗೆ ನಡೆದರೆ, ಬಂಡೆಗಳ ನಡುವೆ ನೊರೆಗರೆದು ಧುಮುಕುವ ನೀರನ್ನೂ, ಅದರ ಕೆಳಗೆ ಮರಗಳ ನೆರಳಿನಲ್ಲಿ ತಿಳಿಯಾಗಿರುವ ಗುಂಡಿಗಳನ್ನೂ ಕಾಣಬಹುದು.

ಇಂತಹ ತಾವುಗಳೇ ನಾನು ಕೆಂಗೆರೆಯೆಂದು ಕರೆಯುವ ಮೀನಿನ ನೆಲೆ. ನಾಲ್ಕೈದು ಅಂಗುಲದ ನೀಳವಾದ ಒಡಲು. ಮೂತಿಯಿಂದ ಕಣ್ಣಿನ ಮೇಲೆ ಹಾದು ನಡುಮೈಯವರೆಗೆ ಕುಂಕುಮದ ಗೆರೆ. ಅದರ ಕೆಳಗೆ ಬಾಲದವರೆಗೂ ಕಾಡಿಗೆಯ ಗೆರೆ. 1865ರಲ್ಲಿ ಫ್ರಾನ್ಸಿಸ್ ಡೇ ಎಂಬ ಪಂಡಿತನು ಇದನ್ನು ವರ್ಣಿಸಿ, ಮದರಾಸಿನ ಗವರ್ನರ್ ಡೆನಿಸನ್ನನ ಹೆಸರನ್ನಿಟ್ಟನು. 2013ರಲ್ಲಿ ಶಾಸ್ತ್ರಜ್ಞರು ಇದರ ಕುಲಕ್ಕೆ ‘ಸಹ್ಯಾದ್ರಿಯಾ’ ಎಂದೇ ಹೆಸರಿಟ್ಟರು. ಕೇರಳದ ಮತ್ತು ನಮ್ಮ ತೆಂಕಣ ಸೀಮೆಯ ಕೆಲವೇ ಹೊಳೆಗಳನ್ನುಳಿದು ಇದಕ್ಕೆ ಬೇರೆ ತೌರಿಲ್ಲವಾದುದರಿಂದ ಆ ಹೆಸರು ಉಚಿತವೇ ಸರಿ.

ಕಸ್ತೂರೀಮೃಗಕ್ಕೆ ಕಸ್ತೂರಿಯೇ ಶತ್ರುವಾದಂತೆ ಈ ಮೀನಿಗೆ ಅದರ ಚೆಲುವೇ ಶತ್ರುವಾಯಿತು. ವ್ಯಾಪಾರಿಗಳು ‘ಮಿಸ್ ಕೇರಳ’ ಎಂದು ಹೆಸರಿಟ್ಟು, ಹೊಳೆಯಿಂದ ಬಲೆಯೆತ್ತಿ, ಪರದೇಶಗಳ ಗಾಜಿನ ತೊಟ್ಟಿಗಳಿಗೆ ಸಾಗಿಸಿದರು. 2005ರಿಂದ 2012ರವರೆಗೆ ಭಾರತದಿಂದ ಹೊರಹೋದ ಅಪಾಯದಲ್ಲಿರುವ ಸಿಹಿನೀರಿನ ಮೀನುಗಳು ಸುಮಾರು 15 ಲಕ್ಷ. ಅವುಗಳಲ್ಲಿ ಕೆಂಗೆರೆಯ ಬಳಗದ್ದು ದೊಡ್ಡ ಪಾಲು. ಇದು ಅಳಿವಿನಂಚಿನಲ್ಲಿದೆಯೆಂದು 2010ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ನಿರ್ಣಯಿಸಿತು.

ದೋಷವೆಲ್ಲ ವ್ಯಾಪಾರಿಗಳದೇ ಅಲ್ಲ. ಬೇಸಗೆಯಲ್ಲಿ ಹೊಳೆ ಸೊರಗಿದಾಗ ಮೀನುಗಳು ಉಳಿದ ಗುಂಡಿಗಳನ್ನೇ ಆಶ್ರಯಿಸುತ್ತವೆ. ತೋಟದ ಪಂಪುಗಳು ಎಳೆಯುವುದೂ ಆ ನೀರನ್ನೇ. ತೋಟೆ ಸಿಡಿಸಿ ಮೀನು ಹಿಡಿಯುವವರು ದೊಡ್ಡದರೊಡನೆ ಮರಿಗಳನ್ನೂ ಕೊಲ್ಲುತ್ತಾರೆ.

ಸುಳ್ಯದ ಸೀಮೆಯಲ್ಲಿಯೇ ತೊಡಿಕಾನದ ಮಲ್ಲಿಕಾರ್ಜುನ ದೇವಾಲಯವಿದೆ. ಅದರ ಬಳಿಯ ಮತ್ಸ್ಯತೀರ್ಥದಲ್ಲಿ ಹಿರಿಯ ಮೀನುಗಳು ನಿರ್ಭಯವಾಗಿ ಬಂದು ಭಕ್ತರು ಚೆಲ್ಲಿದ ಅಕ್ಕಿಯನ್ನು ತಿನ್ನುತ್ತವೆ. ಅವು ದೇವರ ಮೀನುಗಳು. ಅವನ್ನು ಯಾರೂ ಮುಟ್ಟರು. ಕಾವಲುಗಾರನಿಲ್ಲದೆ, ಬರಿಯ ಭಕ್ತಿಯಿಂದಲೇ ಜೀವರಕ್ಷೆ ನಡೆದಿರುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಆದರೆ ಆ ಗುಂಡಿಯನ್ನು ದಾಟಿ ಕೆಳಗೆ ಹರಿಯುವ ನೀರೂ ಅದೇ ನೀರಲ್ಲವೆ?

ಈಗ ಈ ಮೀನನ್ನು ಕೊಳಗಳಲ್ಲಿ ಮರಿಮಾಡಿಸುವ ವಿದ್ಯೆಯೂ ಸಿದ್ಧಿಸಿದೆ. ಮನೆಯಲ್ಲಿ ಮೀನು ಸಾಕುವ ಗೃಹಸ್ಥರು, ಅದು ಕೊಳದ್ದೋ ಹೊಳೆಯದ್ದೋ ಎಂದು ಕೇಳಿಯೇ ಕೊಳ್ಳತಕ್ಕದ್ದು. ತೋಟವುಳ್ಳವರು ಬೇಸಗೆಯಲ್ಲಿ ಒಂದು ಗುಂಡಿಯ ನೀರನ್ನಾದರೂ ಹೊಳೆಗೇ ಬಿಡಲಿ. ಮಕ್ಕಳಿಗೆ ಹಾಲಿನ ಪಾಲನ್ನೆತ್ತಿಟ್ಟು ಉಣ್ಣುವುದು ನಮ್ಮ ಮನೆಗಳ ರೂಢಿ. ಪಯಸ್ವಿನಿಯ ಮಕ್ಕಳಿಗೂ ಅವರ ಪಾಲು ಸಲ್ಲಬೇಕು.